ಭವಿತಕ್ಕನ ಕಾರಿನ ಸ್ಟಿಯರಿಂಗ್

ಐವತ್ಮೂರನೇ ವಯಸ್ಸಿನಲ್ಲಿ ನಾನು ಕಾರು ಕಲಿಯಲು ಹೊರಟದ್ದು ಆಸೆಯಿಂದಲ್ಲ. ನನ್ನ ಗಂಡ ಕೃಷ್ಣಮೋಹನರ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ, ಆರು ತಿಂಗಳು ಕಾರು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಬೆಳ್ಳಾರೆ ಪೇಟೆಯಿಂದ ನಮ್ಮ ಮನೆ ಮೂರು ಕಿಲೋಮೀಟರ್ ಒಳಗೆ. ಬಸ್ಸು ದಿನಕ್ಕೆ ಮೂರು ಸಲ ಬರುತ್ತದೆ, ಅದರಲ್ಲೊಂದು ಬಂದರೆ ಬಂತು. ಶೆಡ್ಡಿನಲ್ಲಿ ಕಾರು ಧೂಳು ತಿನ್ನುತ್ತಾ ನಿಂತದ್ದನ್ನು ಒಂದು ವಾರ ನೋಡಿ, ಎಂಟನೇ ದಿನ, ಪೇಟೆಯಲ್ಲಿ ಹೊಸದಾಗಿ ಡ್ರೈವಿಂಗ್ ಶಾಲೆ ತೆರೆದಿದ್ದ ಭವಿತಾ ಅವರಿಗೆ ಫೋನು ಮಾಡಿದೆ.

ಮರುದಿನ ಬೆಳಿಗ್ಗೆ ಬಿಳಿ ಬಣ್ಣದ ಹೊಚ್ಚ ಹೊಸ ಕಾರೊಂದು ನಮ್ಮ ಗೇಟಿನ ಹತ್ತಿರ ಬಂದು ನಿಂತಿತು. ಸೀಟಿನ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಎಡಗಡೆಯ ಸೀಟಿಗೆ ಸರಿದು ಕೂತ ಭವಿತಾ, ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ಅಳೆದು ನೋಡಿ ಹೇಳಿದರು: "ಅಕ್ಕ, ಮೊದ್ಲು ಸೀಟು ಮುಂದೆ ಎಳ್ಕೊಳ್ಳಿ. ಕಾಲು ಎಟಕದಿದ್ರೆ ಧೈರ್ಯವೂ ಬರುದಿಲ್ಲ."

ಅವರಿಗಾಗ ನಲವತ್ತೊಂದು ವರ್ಷ. ಅಪ್ಪ ದುಗ್ಗಪ್ಪ ಹಿಂದೆ ಬೆಳ್ಳಾರೆಯಿಂದ ಒಳಗಿನ ಊರುಗಳಿಗೆ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಒಳಗೆ ಹದಿನೈದು ಜನ, ಹಿಂದೆ ಜೋತುಬಿದ್ದವರು ನಾಲ್ಕು ಜನ ಎಂಬ ಕಾಲದ ಜೀಪು ಅದು. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಸಂಜೆ ಜೀಪನ್ನು ಇಳಿಜಾರಿನ ಅಂಗಳಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸುವ ಕೆಲಸ ಹಿರಿಯವರಾದ ಭವಿತಾ ಅವರದ್ದು. ಹಿಂದೆ ಅಡಿಕೆ ಸಸಿ, ಬದಿಯಲ್ಲಿ ಬಾವಿಕಟ್ಟೆ. "ಅಲ್ಲಿ ರಿವರ್ಸ್ ಕಲ್ತವರಿಗೆ ಲೋಕದಲ್ಲಿ ಬೇರೆ ಕಷ್ಟ ಇಲ್ಲ" ಎಂದು ಅವರು ನಗುತ್ತಿದ್ದರು.

ಮದುವೆಯಾದ ಮೇಲೆ ಹನ್ನೊಂದು ವರ್ಷ ಪುತ್ತೂರಿನ ಒಂದು ಡ್ರೈವಿಂಗ್ ಶಾಲೆಯಲ್ಲಿ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಕತ್ತಲಾಗುವ ಮೊದಲು ಹಿಂದಿರುಗುವುದು. ಕಲಿಯಲು ಬಂದ ಹೆಂಗಸರನ್ನೆಲ್ಲ ಅವರಿಗೇ ಒಪ್ಪಿಸುತ್ತಿದ್ದರು. ತನ್ನದೇ ಶಾಲೆ ತೆರೆಯಬೇಕಾದರೆ ಮೋಟಾರ್ ಮೆಕ್ಯಾನಿಕ್ ಸರ್ಟಿಫಿಕೇಟು ಬೇಕೆಂದು ಗೊತ್ತಾದಾಗ, ಮೂವತ್ತೆಂಟನೇ ವಯಸ್ಸಿನಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಅದನ್ನೂ ಪಡೆದರು. ಗಂಡ ಸುಜಯ್ ಅವರದ್ದು ಬೆಳ್ಳಾರೆಯಲ್ಲಿ ಪಂಪಿನ ಮೋಟಾರು ರಿವೈಂಡಿಂಗ್ ಅಂಗಡಿ. ಅದರ ಪಕ್ಕದ ಕೋಣೆಯಲ್ಲೇ ಶಾಲೆಯ ಬೋರ್ಡು ಬಿತ್ತು. ಕಾರಿಗೆ ಪುತ್ತೂರಿನ ವರ್ಕ್‌ಶಾಪೊಂದರಲ್ಲಿ ಎಡಗಡೆಗೂ ಕ್ಲಚ್ಚು, ಬ್ರೇಕಿನ ಪೆಡಲು ಹಾಕಿಸಿ, ಆರ್‌ಟಿಓ ಆಫೀಸಿನಲ್ಲಿ ಪಾಸು ಮಾಡಿಸಿಕೊಂಡದ್ದೂ ಆಯಿತು.

ನನ್ನ ಜೊತೆ ಅದೇ ಹೊತ್ತಿಗೆ ಕಲಿಯುತ್ತಿದ್ದವಳು ರಸೀನಾ. ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ. ತಾಯಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಪುತ್ತೂರಿಗೆ ಕರೆದುಕೊಂಡು ಹೋಗಬೇಕು. ಅವಳ ತಮ್ಮ ತನ್ನ ಹಳೆಯ ಕಾರನ್ನು ಮನೆಯಲ್ಲಿ ಬಿಟ್ಟು ದುಬೈಗೆ ಹೋಗಿದ್ದ. ಒಬ್ಬಳು ಓಡಿಸುವಾಗ ಇನ್ನೊಬ್ಬಳು ಹಿಂದೆ ಕೂರುವುದು ನಮ್ಮ ಕ್ರಮ. ಹಾಗಾಗಿ ಆ ದಿನ ಆದದ್ದನ್ನು ನಾನು ಹಿಂದಿನ ಸೀಟಿನಿಂದ ಕಣ್ಣಾರೆ ಕಂಡೆ.

ಕಾರು ಬಂದು ಐವತ್ತು ದಿನವೂ ಆಗಿರಲಿಲ್ಲ. ನಿಂತಿಕಲ್ಲಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಇಳಿಜಾರಿನ ತಿರುವು. ರಸೀನಾ ಸೆಕೆಂಡ್ ಗೇರಿನಲ್ಲಿ ನಿಧಾನವಾಗಿ ಇಳಿಸುತ್ತಾ ಎಡಕ್ಕೆ ತಿರುಗಿಸಲು ಹೊರಟಳು. ಅವಳ ಎರಡೂ ಭುಜಗಳು ಬಿಗಿಯಾದವು. ಕಾರು ಮಾತ್ರ ನೇರವಾಗಿ ಬಲಬದಿಯ ಚರಂಡಿಯತ್ತ ಹೋಗುತ್ತಿತ್ತು. ಅವಳ ಕಾಲು ಬ್ರೇಕಿಗೆ ಹೋಗುವ ಮೊದಲೇ ಭವಿತಾ ತಮ್ಮ ಬದಿಯ ಬ್ರೇಕು ಒತ್ತಿಯಾಗಿತ್ತು. ಮುಂದಿನ ಚಕ್ರ ಚರಂಡಿಯ ಅಂಚಿನಲ್ಲಿ ನಿಂತಿತು. ಮೀಟರಿನಲ್ಲಿ ಸ್ಟಿಯರಿಂಗ್ ಚಿತ್ರದ ಹಳದಿ ದೀಪವೊಂದು ಉರಿಯುತ್ತಿತ್ತು.

"ನಂದೇ ತಪ್ಪು, ಭವಿತಕ್ಕ. ನಾನು ಸರಿ ತಿರುಗಿಸ್ಲಿಲ್ಲ" ಎಂದಳು ರಸೀನಾ.

"ನೀನು ತಿರುಗಿಸಿದ್ದಿ, ನಾನು ನೋಡಿದ್ದೇನೆ. ಅದು ತಿರುಗ್ಲಿಲ್ಲ."

ಭವಿತಾ ಕಾರನ್ನು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರು. ದೀಪ ಆರಿತು, ಸ್ಟಿಯರಿಂಗು ಬೆಣ್ಣೆಯ ಹಾಗೆ ತಿರುಗಿತು. ಏನೂ ಆಗದವರ ಹಾಗೆ ನಾವು ಪೇಟೆಗೆ ಮರಳಿದೆವು.

ಅದೇ ದಿನ ಮಧ್ಯಾಹ್ನ ಅವರು ಕಾರನ್ನು ಪುತ್ತೂರಿನ ಷೋರೂಮಿಗೆ ಒಯ್ದರು. ಅಲ್ಲಿ ಸರ್ವಿಸಿನ ಕಡೆ ಗಿರಾಕಿಗಳನ್ನು ಮಾತಾಡಿಸುವವ ಕಿಶನ್ ಎಂಬ ಯುವಕ. ಎರಡು ಗಂಟೆ ಕಾಯಿಸಿ, "ಕಂಪ್ಯೂಟರ್ ಹಾಕಿ ನೋಡಿದೆವು ಮೇಡಂ, ಎಂತದೂ ಇಲ್ಲ. ಕಲಿಯುವವರು ಕಾರು ನಿಂತಲ್ಲೇ ಸ್ಟಿಯರಿಂಗ್ ತಿರುಗಿಸ್ತಾರಲ್ಲ, ಅದಕ್ಕೆ ಸ್ಟಿಯರಿಂಗ್ ಹಗುರ ಮಾಡುವ ಮೋಟಾರ್ ಬಿಸಿ ಆಗ್ತದೆ. ಸ್ವಲ್ಪ ಹೇಳಿಕೊಡಿ ಅವರಿಗೆ" ಎಂದ. ಕಾರಿಗೆ ಏನಾಗಿತ್ತು, ಏನು ಮಾಡಿದರು ಎಂದು ಬರೆದುಕೊಡುವ ಜಾಬ್ ಕಾರ್ಡಿನಲ್ಲಿ 'ಸಾಮಾನ್ಯ ತಪಾಸಣೆ' ಎಂದಷ್ಟೇ ಬರೆದಿತ್ತು. ಭವಿತಾ ಅದನ್ನು ಓದದೆ ಸಹಿ ಹಾಕಿದರು. ಆಮೇಲೆ ತುಂಬ ದಿನ ಅವರಿಗೆ ತಮ್ಮ ಮೇಲೆ ಸಿಟ್ಟು ಬಂದದ್ದು ಈ ಒಂದು ಸಹಿಗಾಗಿ.

ರಸೀನಾ ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಮಾಡಿದರೆ, "ನನಗೆ ಆಗ್ಲಿಕ್ಕಿಲ್ಲ ಭವಿತಕ್ಕ, ಉಮ್ಮನನ್ನು ಕೂರಿಸಿಕೊಂಡು ಹಾಗೆ ಆದರೆ?" ಎಂದಳಂತೆ. ನನಗೂ ಕಿಶನ್ ಹೇಳಿದ್ದು ಸರಿ ಇರಬಹುದೆಂದೇ ಅನಿಸಿತ್ತು. ಕಾರು ಕಂಪೆನಿಯವರಿಗಿಂತ ನಮಗೆ ಹೆಚ್ಚು ಗೊತ್ತುಂಟೇ?

ಹನ್ನೆರಡು ದಿನ ಏನೂ ಆಗಲಿಲ್ಲ. ಹದಿಮೂರನೇ ದಿನ ಸ್ಟಿಯರಿಂಗು ನನ್ನ ಕೈಯಲ್ಲೇ ಕಲ್ಲಾಯಿತು. ಪುಣ್ಯಕ್ಕೆ ಆ ದಿನ ಖಾಲಿ ಮೈದಾನದ ಬದಿಯಲ್ಲಿದ್ದೆವು. ಕಾರು ನಿಂತ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು, "ನಾನೇನು ತಪ್ಪು ಮಾಡಿದೆ?" ಎಂದು. ರಸೀನಾ ಅಂದುಕೊಂಡದ್ದೂ ಅದನ್ನೇ. ಭವಿತಾ ಫೋನು ತೆಗೆದು ಹಳದಿ ದೀಪದ ಫೋಟೋ, ಕಿಲೋಮೀಟರಿನ ಫೋಟೋ, ಕೆಳಗಿಳಿದು ರಸ್ತೆಯ ಫೋಟೋ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನಿಮಗೆ ನಾಲ್ಕು ದಿನ ರಜೆ. ಇದನ್ನು ನಾನೊಬ್ಬಳೇ ಓಡಿಸಿ ನೋಡ್ತೇನೆ" ಎಂದರು.

ನಾಲ್ಕು ದಿನ ಅವರು ಯಾರಿಗೂ ಪಾಠ ಮಾಡಲಿಲ್ಲ. ಕಲಿಯುವವರ ರಸ್ತೆಗಳಲ್ಲೇ, ಕಲಿಯುವವರ ವೇಗದಲ್ಲೇ ಒಬ್ಬರೇ ಓಡಾಡಿದರು. ಈ ನಡುವೆ ಅವರಿಗೂ ಸಂಶಯ ಬಂದಿತ್ತೆಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡರು. ಹನ್ನೊಂದು ವರ್ಷ ಕಲಿಸಿದ್ದರಲ್ಲೇ ಏನೋ ದೋಷ ಇರಬಹುದೇ ಎಂದು. ಮೂರನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಪೈಪು ಹಾಕಲು ಅಗೆದು ಬಿಟ್ಟಿದ್ದ ಒಂದು ಫರ್ಲಾಂಗು ರಸ್ತೆ ದಾಟಿ ತಿರುವಿಗೆ ಬಂದಾಗ ಸ್ಟಿಯರಿಂಗು ಬಿಗಿಯಿತು. ಜೀಪಿನ ಕೈ ಅವರದ್ದು. ಎಳೆದು ತಿರುಗಿಸಿ ಬದಿಗೆ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ನಗು ಬಂತಂತೆ. ನನಗೆ ಫೋನು ಮಾಡಿ, "ಆಯ್ತು ಅಕ್ಕ. ನನ್ನ ಕೈಯಲ್ಲೂ ಆಯ್ತು" ಎಂದಾಗ ಪರೀಕ್ಷೆ ಪಾಸಾದವರ ದನಿ ಇತ್ತು.

ಸುಜಯ್ ಕಾರಿನ ಕೆಳಗೆ ಬಗ್ಗಿ ಟಾರ್ಚು ಹಾಕಿ ನೋಡಿದರು. ಸ್ಟಿಯರಿಂಗಿನ ಮೋಟಾರಿಗೆ ಕರೆಂಟು ಹೋಗುವಲ್ಲೇ ಎಲ್ಲೋ ಸಡಿಲ ಉಂಟೆಂದು ಅವರ ಊಹೆ. ದಿನವಿಡೀ ಮೋಟಾರು ಬಿಚ್ಚುವ ಮನುಷ್ಯ, ಸ್ಕ್ರೂಡ್ರೈವರು ಕೈಯಲ್ಲೇ ಇತ್ತು.

"ಬಿಚ್ಚಿದರೆ ಹತ್ತು ನಿಮಿಷದ ಕೆಲಸ" ಎಂದರು.

"ಬೇಡ. ನೀವು ಒಂದು ಸ್ಕ್ರೂ ಮುಟ್ಟಿದ್ರೂ ವಾರಂಟಿ ಹೋಯ್ತು ಹೇಳ್ತಾರೆ" ಎಂದರು ಭವಿತಾ.

ಸುಜಯ್ ಟಾರ್ಚು ಆರಿಸಿ ಎದ್ದರು.

ಎರಡನೇ ಸಲ ಷೋರೂಮಿಗೆ ಹೋದಾಗ ನಾನೂ ಜೊತೆಗಿದ್ದೆ. ಕಿಶನ್ ಈ ಸಲ ಬೇರೆ ಮಾತು ತೆಗೆದ. "ಮೇಡಂ, ಇದರಲ್ಲಿ ಹೊರಗಿನ ಪೆಡಲ್ ಹಾಕಿಸಿದ್ದೀರಿ. ಗಾಡಿ ಆಲ್ಟರ್ ಮಾಡಿದ್ರೆ ವಾರಂಟಿ ಬರುದಿಲ್ಲ. ಮತ್ತೆ ಇದು ಕಮರ್ಷಿಯಲ್ ಯೂಸ್ ಬೇರೆ."

"ಪೆಡಲ್ ಉಂಟಲ್ಲ, ಅದು ಕ್ಲಚ್ಚಿಗೂ ಬ್ರೇಕಿಗೂ. ಕೆಟ್ಟದ್ದು ಸ್ಟಿಯರಿಂಗ್" ಎಂದರು ಭವಿತಾ.

"ರೂಲ್ಸ್ ಹಾಗೆ ಮೇಡಂ."

"ಆಗ್ಲಿ. ವಾರಂಟಿ ಕೊಡುದಿಲ್ಲ, ಇಂತಿಂಥ ಕಾರಣಕ್ಕೆ ಹೇಳಿ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ. ಮತ್ತೆ ಜಾಬ್ ಕಾರ್ಡಲ್ಲಿ ಸಾಮಾನ್ಯ ತಪಾಸಣೆ ಬೇಡ. 'ಓಡುವಾಗ ಸ್ಟಿಯರಿಂಗ್ ಬಿಗಿಯಾಗಿ ಹಳದಿ ದೀಪ ಬರುತ್ತದೆ, ಮೂರು ಸಲ ಆಗಿದೆ' ಹೇಳಿ ಬರೀರಿ. ತಾರೀಕು, ಕಿಲೋಮೀಟರ್ ನಾನು ಹೇಳ್ತೇನೆ."

ಅವರ ದನಿ ಒಂದಿಷ್ಟೂ ಏರಲಿಲ್ಲ. ರಿವರ್ಸ್ ಹೇಳಿಕೊಡುವಾಗಿನ ಅದೇ ದನಿ. ಕಿಶನ್ ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಜಾಬ್ ಕಾರ್ಡಿನಲ್ಲಿ ಅವರು ಹೇಳಿದ್ದು ಹೇಳಿದ ಹಾಗೆಯೇ ಬಂತು. ಲೆಟರ್‌ಹೆಡ್ಡಿನ ಪತ್ರ ಮಾತ್ರ ಬರಲಿಲ್ಲ. "ಮೇಲಿನವರನ್ನು ಕೇಳಿ ಹೇಳ್ತೇವೆ" ಎಂದ.

ಮರುದಿನ ಭವಿತಾ ವಾರಂಟಿ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಪುಸ್ತಕ ಪೂರ್ತಿ ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ನಾನು ಬಿ.ಎ. ಓದಿ ಮೂವತ್ತು ವರ್ಷವಾಗಿದೆ. ಕೃಷ್ಣಮೋಹನರ ಭೂತಗನ್ನಡಿ ತಂದು, ಜಗಲಿಯಲ್ಲಿ ಕೂತು ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ವಾರಂಟಿಯಲ್ಲಿ ಏನೇನು ಬರುವುದಿಲ್ಲ ಎಂಬ ಪಟ್ಟಿ ಎರಡು ಪುಟ. ಟಯರು ಇಲ್ಲ, ವೈಪರಿನ ರಬ್ಬರು ಇಲ್ಲ, ಕ್ಲಚ್ಚಿನ ಸವಕಳಿ ಇಲ್ಲ. ಹತ್ತನೆಯದ್ದೋ ಹನ್ನೊಂದನೆಯದ್ದೋ ಸಾಲಿಗೆ ಬಂದಾಗ ಭವಿತಾ ನನ್ನ ಕೈ ಹಿಡಿದರು.

"ಇದನ್ನು ಇನ್ನೊಮ್ಮೆ ಹೇಳಿ ಅಕ್ಕ."

ವಾಹನದಲ್ಲಿ ಮಾಡಿದ ಬದಲಾವಣೆಯ ಕಾರಣದಿಂದ ಉಂಟಾದ ದೋಷಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದಿತ್ತು.

"ಅದರ ಕಾರಣದಿಂದ ಆದ್ರೆ ಮಾತ್ರ, ಅಲ್ವಾ? ಪೆಡಲಿನಿಂದ ಸ್ಟಿಯರಿಂಗ್ ಹಾಳಾಯ್ತು ಹೇಳಿ ಅವರು ತೋರಿಸ್ಬೇಕು. ನಾನು ತೋರಿಸ್ಬೇಕಾದ್ದಲ್ಲ." ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು.

ಸರಕಾರದ ಗ್ರಾಹಕ ಸಹಾಯವಾಣಿಗೂ ಅಲ್ಲಿಂದಲೇ ಫೋನು ಮಾಡಿದೆವು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದು ಕೊಂಡ ವಸ್ತುವಾದರೆ ಕೊಂಡವರು ಗ್ರಾಹಕರೇ, ಕಮರ್ಷಿಯಲ್ ಎಂದು ತಳ್ಳಿಹಾಕುವ ಹಾಗಿಲ್ಲ ಎಂದು ಅಲ್ಲಿದ್ದ ಹೆಂಗಸು ತಾಳ್ಮೆಯಿಂದ ಬಿಡಿಸಿ ಹೇಳಿದರು. ಮೊದಲು ಕಂಪೆನಿಗೆ ಬರೆಯಿರಿ, ಸರಿಹೋಗದಿದ್ದರೆ ಮಂಗಳೂರಿನ ಗ್ರಾಹಕ ಆಯೋಗ ಇದ್ದೇ ಇದೆ ಎಂದು ದೂರಿನ ಸಂಖ್ಯೆಯನ್ನೂ ಕೊಟ್ಟರು. ಕಂಪೆನಿಗೆ ಈಮೇಲು ನಾನೇ ಟೈಪು ಮಾಡಿದೆ. ಮೂರು ಘಟನೆ, ಫೋಟೋಗಳು, ಎರಡು ಜಾಬ್ ಕಾರ್ಡು, ಗೆರೆ ಎಳೆದ ಪುಟ ಎಲ್ಲವನ್ನೂ ಸೇರಿಸಿದೆ. ನಾನು ಕೋಪದ ಒಂದು ವಾಕ್ಯ ಬರೆದಿದ್ದೆ. ಭವಿತಾ ಅದನ್ನು ತೆಗೆಸಿದರು. ಅದರ ಬದಲು ಬರೆಸಿದ್ದು ಇಷ್ಟು: 'ಈ ಕಾರಿನಲ್ಲಿ ಕೂರುವವರು ಹೊಸಬರು. ತಪ್ಪು ಕಾರಿನದ್ದಾದರೂ ಅವರು ತಮ್ಮದೆಂದು ತಿಳಿಯುತ್ತಾರೆ. ದಯವಿಟ್ಟು ನಿಮ್ಮವರೇ ಬಂದು ಓಡಿಸಿ ನೋಡಿ.'

ಆರನೇ ದಿನ ಉತ್ತರ ಬಂತು. ಕಂಪೆನಿಯ ಎಂಜಿನಿಯರ್ ಮುರಳಿಕೃಷ್ಣ ಎಂಬವರು ಬೆಳ್ಳಾರೆಗೇ ಬಂದು ಎಲ್ಲರ ಎದುರು ಕಾರು ಪರೀಕ್ಷಿಸುತ್ತಾರೆ ಎಂದು.

ಅವರು ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಜೊತೆಗೆ ಕಿಶನ್, ಮತ್ತೆ ಷೋರೂಮಿನ ಟೆಕ್ನೀಶಿಯನ್ ನಿಝಾಮ್. ನಿಝಾಮ್ ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ ಶಾಲೆಯ ಎದುರೇ ಒಂದಷ್ಟು ಹೊತ್ತು ನೋಡಿದ. ಆಮೇಲೆ ಎಂಜಿನಿಯರರೇ ಓಡಿಸಲು ಕೂತರು, ಭವಿತಾ ಎಡಕ್ಕೆ, ನಿಝಾಮನೂ ನಾನೂ ಹಿಂದೆ. ಕಿಶನ್ ಷೋರೂಮಿನ ಕಾರಿನಲ್ಲಿ ನಮ್ಮ ಹಿಂದಿನಿಂದ ಬಂದ.

ಮೊದಲ ಸುತ್ತಿನಲ್ಲಿ ಏನೂ ಆಗಲಿಲ್ಲ. ಎರಡನೇ ಸುತ್ತಿನಲ್ಲಿ ಅಗೆದ ರಸ್ತೆಯನ್ನೂ ದಾಟಿದೆವು, ತಿರುವನ್ನೂ ಇಳಿದೆವು. ಸ್ಟಿಯರಿಂಗು ಹೂವಿನ ಹಾಗೆ ತಿರುಗುತ್ತಿತ್ತು. ಮುರಳಿಕೃಷ್ಣ ಕಾರು ಬದಿಗೆ ನಿಲ್ಲಿಸಿದರು. ಹಿಂದಿನಿಂದ ಬಂದ ಕಿಶನ್ ಇಳಿದು ಗಡಿಯಾರ ನೋಡಿಕೊಂಡ.

"ಗಾಡಿ ಸರಿ ಇದೆಯಲ್ಲ ಮೇಡಂ" ಎಂದರು ಎಂಜಿನಿಯರರು. ಒಳ್ಳೆಯ ಮನುಷ್ಯ, ಬೇಸರಿಸಿಯೇ ಹೇಳಿದರು.

ಭವಿತಾ ರಸ್ತೆಯನ್ನೇ ನೋಡುತ್ತಿದ್ದರು.

"ಸರ್, ನೀವು ಎಷ್ಟರಲ್ಲಿ ಓಡಿಸಿದ್ದು?"

"ಮೂವತ್ತೈದು, ನಲವತ್ತು."

"ನಮ್ಮವರು ಅಷ್ಟರಲ್ಲಿ ಓಡಿಸುದಿಲ್ಲ. ಹತ್ತು, ಹನ್ನೆರಡು. ಅಲ್ಲಲ್ಲಿ ನಿಲ್ಲುದು, ಮತ್ತೆ ಹೊರಡುದು. ನೀವು ಈಗ ಬಹಳ ಚಂದ ಓಡಿಸ್ತಾ ಇದ್ದೀರಿ. ಇನ್ನೊಂದು ಸುತ್ತು, ಕಲಿಯುವವರ ಹಾಗೆ ಓಡಿಸಿ. ನಾನು ಹೇಳಿದ ಹಾಗೆ."

ಮುರಳಿಕೃಷ್ಣ ನಕ್ಕರು. ಆದರೆ ಆ ಮಾತು ಅವರಿಗೆ ಎಲ್ಲಿಯೋ ತಾಗಿರಬೇಕು. ಹಿಂದೆ ತಿರುಗಿ ನಿಝಾಮನನ್ನು ನೋಡಿ, "ಸ್ಲೋ ಇದ್ದಷ್ಟೂ ಮೋಟಾರಿಗೆ ಕೆಲಸ ಜಾಸ್ತಿ, ಅಲ್ವಾ?" ಎಂದರು. ನಿಝಾಮ್ ತಲೆಯಾಡಿಸಿದ.

ಮೂರನೇ ಸುತ್ತು ಮುಕ್ಕಾಲು ಗಂಟೆ ಹಿಡಿಯಿತು. ಭವಿತಾ ನಮಗೆ ಹೇಳುವ ಹಾಗೆಯೇ ಹೇಳುತ್ತಾ ಹೋದರು. ಇಲ್ಲಿ ನಿಲ್ಲಿಸಿ. ಪೂರ್ತಿ ಎಡಕ್ಕೆ ತೆಗೀರಿ. ಹಾಫ್ ಕ್ಲಚ್. ಬಸ್ಸು ಬಂತು, ಬದಿಗೆ ಹೋಗಿ. ನಲವತ್ತು ದಾಟಿದ ಎಂಜಿನಿಯರರು ವಿಧೇಯರಾಗಿ ಹೇಳಿದ್ದನ್ನೆಲ್ಲ ಮಾಡಿದರು. ಅಗೆದ ರಸ್ತೆಯಲ್ಲಿ ಕಾರು ಕುಲುಕಾಡುತ್ತಾ ಸಾಗಿತು. ಅದು ಮುಗಿದು, ಇಳಿಜಾರಿನ ತಿರುವಿಗೆ ಇನ್ನೂ ಇಪ್ಪತ್ತು ಮಾರು ಇರುವಾಗ, ಅವರ ಭುಜಗಳು ಬಿಗಿಯಾದದ್ದನ್ನು ನಾನು ಹಿಂದಿನಿಂದ ನೋಡಿದೆ. ಹಳದಿ ದೀಪ ಬಂದಿತ್ತು. ಭವಿತಾ ಬ್ರೇಕು ಒತ್ತಿದರು.

ಮುರಳಿಕೃಷ್ಣ ನಿಂತ ಕಾರಿನಲ್ಲಿ ಸ್ಟಿಯರಿಂಗನ್ನು ಎರಡೂ ಕೈಯಿಂದ ಅತ್ತಿತ್ತ ಎಳೆದು ನೋಡಿದರು. "ಇದರಲ್ಲಿ ಕಲಿಸ್ತಾ ಇದ್ರಾ ನೀವು?" ಎಂದರು, ಮೆಲ್ಲನೆ.

ನಿಝಾಮ್ ಲ್ಯಾಪ್‌ಟಾಪು ತೆರೆದ. ಸ್ವಲ್ಪ ಹೊತ್ತು ಅದರಲ್ಲೇ ಮುಖ ಇಟ್ಟುಕೊಂಡಿದ್ದು, ತಲೆ ಎತ್ತದೆಯೇ ಹೇಳಿದ: "ಸರ್, ಮೊದಲ ಸಲ ಗಾಡಿ ಬಂದಾಗಲೂ ದೋಷದ ಇದೇ ಕೋಡ್ ಇತ್ತು. ಬ್ಯಾಟರಿ ವೋಲ್ಟೇಜಿನದ್ದಾಗಿರಬೇಕು ಹೇಳಿ ಅಳಿಸಿ ಕೊಟ್ಟದ್ದು. ನಾನೇ."

ಆಗ ಕಿಶನ್ ಕಾರಿನ ಪಕ್ಕಕ್ಕೆ ಬಂದು ನಿಂತಿದ್ದ. ಅವನ ಮುಖ ಕೆಂಪಾಯಿತು. ಭವಿತಾ ನಿಝಾಮನನ್ನು ನೋಡಿ, "ಹೇಳಿದ್ದು ಒಳ್ಳೆದಾಯ್ತು" ಎಂದರು.

ಸ್ಟಿಯರಿಂಗಿನ ಮೋಟಾರಿಗೆ ಹೋಗುವ ತಂತಿಯ ಕನೆಕ್ಟರು ಕಾರ್ಖಾನೆಯಿಂದಲೇ ಸರಿಯಾಗಿ ಕೂತಿರಲಿಲ್ಲ. ಕುಲುಕಾಟಕ್ಕೆ ಸಡಿಲವಾಗಿ, ಬಿಸಿಗೆ ಒಳಗೆ ಸುಟ್ಟೂ ಹೋಗಿತ್ತು. ಮೋಟಾರಿನ ಸಮೇತ ಇಡೀ ಜೋಡಣೆಯನ್ನೇ ಬದಲಿಸಬೇಕೆಂದು ಎಂಜಿನಿಯರರು ಬರೆದರು. ಎಲ್ಲವೂ ವಾರಂಟಿಯಲ್ಲಿ. ಹೊಸ ಭಾಗ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಪಾಠ ಇಲ್ಲದೆ ಹೋದದ್ದಕ್ಕೆ ಕಂಪೆನಿ ಏನೂ ಕೊಡಲಿಲ್ಲ. ತಪ್ಪಾಯಿತು ಎಂದು ಬರೆದೂ ಕೊಡಲಿಲ್ಲ. ಭವಿತಾ ಕೇಳಿದ್ದರಲ್ಲಿ ಸಿಕ್ಕಿದ್ದು, ಹೊಸದಾಗಿ ಹಾಕಿದ ಭಾಗಕ್ಕೆ ಒಂದು ವರ್ಷ ಹೆಚ್ಚಿನ ವಾರಂಟಿ, ಮತ್ತು ಏನು ಕೆಟ್ಟಿತ್ತು, ಏನು ಬದಲಿಸಿದರು ಎಂದು ಸ್ಪಷ್ಟವಾಗಿ ಬರೆದ ಜಾಬ್ ಕಾರ್ಡು. ಆಯೋಗಕ್ಕೆ ಹೋಗಬಹುದಿತ್ತೆಂದು ನಾನು ಈಗಲೂ ಹೇಳುತ್ತೇನೆ. "ನನಗೆ ಕಾರು ಬೇಕಿತ್ತು ಅಕ್ಕ, ಸಿಕ್ಕಿತು" ಎನ್ನುತ್ತಾರೆ ಅವರು.

ಕಾರು ಕೈಗೆ ಬಂದ ದಿನ ಪುತ್ತೂರಿನಿಂದ ಅವರು ನೇರ ಹೋದದ್ದು ರಸೀನಾಳ ಮನೆಗೆ. ಜಾಬ್ ಕಾರ್ಡನ್ನು ಅವಳ ಕೈಗೆ ಕೊಟ್ಟು, "ಓದು" ಎಂದರಂತೆ. ಅವಳು ಓದಿದಳು. ಒಳಗೆ ಹೋಗಿ ತಾಯಿಗೂ ಓದಿ ಹೇಳಿದಳು. ಹೊರಗೆ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಭವಿತಕ್ಕ, ಒಂದು ತಿಂಗಳು ನಾನು ಕೈ ನೋಡಿಕೊಳ್ತಾ ಇದ್ದೆ" ಎಂದಳು. ಮರುದಿನ ಬೆಳಿಗ್ಗೆ ನಾನು ಹಿಂದಿನ ಸೀಟಿನಲ್ಲಿದ್ದೆ, ಅವಳು ಮುಂದೆ. ಆ ತಿರುವಿನಲ್ಲಿ ಎರಡು ಸಲ ಬೇಕೆಂದೇ ನಿಲ್ಲಿಸಿ, ಹೊರಡಿಸಿ, ತಿರುಗಿಸಿದಳು.

ಜೂನಿನಲ್ಲಿ ಪುತ್ತೂರಿನಲ್ಲಿ ಇಬ್ಬರೂ ಒಂದೇ ದಿನ ಪರೀಕ್ಷೆ ಕೊಟ್ಟೆವು. ರಸೀನಾ ಪಾಸು. ನಾನು ಆ ದಿನ ಫೇಲು, ಅದು ಮಾತ್ರ ಪೂರ್ತಿ ನನ್ನದೇ ತಪ್ಪು. ಮುಂದಿನ ತಿಂಗಳು ಪಾಸಾದೆ. ಈಗ ಸೋಮವಾರ, ಗುರುವಾರ ರಸೀನಾಳ ತಾಯಿ ಮುಂದಿನ ಸೀಟಿನಲ್ಲಿ ಕೂತು ಪುತ್ತೂರಿಗೆ ಹೋಗುತ್ತಾರೆ. ದಾರಿಯ ನಡುವೆ ಕುಂಬ್ರದಲ್ಲಿ ಚಾ ಕುಡಿಯಲು ನಿಲ್ಲಿಸಲೇಬೇಕು ಎಂದು ಅವರ ಹಟ.

ಬೆಳ್ಳಾರೆಯಲ್ಲಿ ಈ ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಹೊಸ ಸ್ಕೂಟರು, ಫ್ರಿಜ್ಜು, ಅಡಿಕೆ ಸುಲಿಯುವ ಯಂತ್ರ, ಯಾವುದು ಕೈಕೊಟ್ಟರೂ ಜನ ಈಗ ಭವಿತಾ ಅವರಿಗೊಂದು ಫೋನು ಮಾಡುತ್ತಾರೆ. ಕಳೆದ ವಾರ ನಾನು ಅವರ ಶಾಲೆಯಲ್ಲಿ ಕೂತಿದ್ದಾಗ ಆಲಂಕಾರಿನಿಂದ ಆಶಿಕ್ ಎಂಬ ಮೀನು ವ್ಯಾಪಾರಿಯ ಫೋನು ಬಂತು. ಅವನು ಮೀನು ಸಾಗಿಸುವ ಪಿಕಪ್ಪು ತೆಗೆದು ಎರಡು ತಿಂಗಳು. ದಿನಾ ಬೆಳಿಗ್ಗೆ ಒಂದು ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲವಂತೆ. ಮೀನಿನ ವಾಸನೆಗೆ ಷೋರೂಮಿನವರು ಯಾರೂ ಸರಿಯಾಗಿ ಒಳಗೆ ಕೂತು ನೋಡುವುದೇ ಇಲ್ಲ ಎಂದು ಅವನ ದೂರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು. ಭವಿತಾ ಬಾಯಿಗೆ ಕೈ ಇಟ್ಟುಕೊಂಡು ನಗು ತಡೆದರು.

"ಎಷ್ಟು ಸಲ ತೋರಿಸಿದ್ದೀರಿ?"

"ಮೂರು ಸಲ, ಮಾರಾಯ್ರೆ."

"ಜಾಬ್ ಕಾರ್ಡ್ ಮೂರೂ ಉಂಟಾ? ಅದರಲ್ಲಿ ಎಂತ ಬರ್ದಿದ್ದಾರೆ, ಓದಿ."

ಆ ಕಡೆ ಕಾಗದ ಹುಡುಕುವ ಸದ್ದು. ಭವಿತಾ ಪೆನ್ನಿನ ಮುಚ್ಚಳ ತೆಗೆದು, ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು ಕಾಯುತ್ತಾ ಕೂತರು.